ದನಿಗೂ ಒಂದು ಮನೆ ಬೇಕು

ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಒಂದು ಮಠದಲ್ಲಿ ತಿಂಗಳು ಪೂರ್ತಿ ವಚನ ಪ್ರವಚನ ನಡೆಯಿತು. ಮುಕ್ತಾಯದ ಹಿಂದಿನ ದಿನ ನಾನೂ ಹೋಗಿದ್ದೆ. ಮಳೆ ಹಿಡಿದುಕೊಂಡಿದ್ದರಿಂದ ಸಭಾಭವನದಲ್ಲಿ ನೂರಿಪ್ಪತ್ತು ಜನರ ಮೇಲೆ ಇರಲಿಲ್ಲ. ಪೂಜ್ಯರು ಆಳವಾಗಿ ಓದಿಕೊಂಡವರು, ಮಾತಿನಲ್ಲಿ ಆಡಂಬರವಿಲ್ಲದವರು. ಪ್ರವಚನ ಮುಗಿದು ಪ್ರಸಾದದ ಸಾಲಿನಲ್ಲಿ ನಿಂತಾಗ ಮುಂದಿದ್ದ ವಯಸ್ಸಾದ ತಾಯಿಯೊಬ್ಬರನ್ನು, “ಹೆಂಗಿತ್ರಿ ಅವ್ವಾರ ಪ್ರವಚನ?” ಎಂದು ಕೇಳಿದೆ.

“ಚೊಲೋನ ಇರಬೇಕಪಾ. ತಿಂಗಳಾತು, ಒಂದಿನ ತಪ್ಪಿಸಿಲ್ಲ. ಅಪ್ಪಾರು ಮಾತಾಡೂದು ಕಾಣತೈತಿ. ಏನಂತಾರಂತ ತಿಳಿಯೂದಿಲ್ಲ. ಗುಂಯ್ ಅಂತೈತಿ ಅಷ್ಟ. ನನ್ನ ಕಿವೀನ ಹೋಗ್ಯಾವು ಬಿಡು” ಎಂದರು.

ಆ ತಾಯಿಯ ಕಿವಿ ಹೋಗಿರಲಿಲ್ಲ. ನಾನು ಮೆಲ್ಲಗೆ ಕೇಳಿದ ಪ್ರಶ್ನೆ ಅವರಿಗೆ ಸರಿಯಾಗಿಯೇ ಕೇಳಿಸಿತ್ತು. ದೋಷ ಇದ್ದದ್ದು ಆ ಸಭಾಭವನದಲ್ಲಿ. ಮೂವತ್ತು ವರ್ಷಗಳ ಹಿಂದೆ ಅದರ ನಕ್ಷೆ ಬರೆದು, ಅಂದಾಜು ಪಟ್ಟಿ ಮಾಡಿ, ರಜಾ ದಿನಗಳಲ್ಲಿ ನಿಂತು ಕಟ್ಟಿಸಿದವನು ನಾನೇ. ತೊಲೆ, ಕಂಬ, ಸ್ಲ್ಯಾಬು ಎಲ್ಲವೂ ಇಂದಿಗೂ ಗಟ್ಟಿ. ಒಂದು ಬಿರುಕಿಲ್ಲ. ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಆದರೆ ಮಾತು ಕೇಳಲೆಂದು ಕಟ್ಟಿದ ಮನೆಯಲ್ಲಿ ಮಾತು ಕೇಳಿಸದಿದ್ದರೆ ಅದರ ಗಟ್ಟಿತನಕ್ಕೆ ಏನು ಬೆಲೆ?

ಮನೆಗೆ ಬಂದು ಲೆಕ್ಕ ಹಾಕಿದೆ. 30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರ. ಅಂದರೆ 2,700 ಘನ ಮೀಟರ್. ನೆಲಕ್ಕೆ ನುಣುಪು ಗ್ರಾನೈಟ್, ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಆರ್‌ಸಿಸಿ. ಇವು ಯಾವುವೂ ದನಿಯನ್ನು ಹೀರುವುದಿಲ್ಲ. ಬಂದ ದನಿಯನ್ನು ಹಾಗೆಯೇ ವಾಪಸು ಕಳಿಸುತ್ತವೆ. ಕಿಟಕಿ ತೆರೆದಿದ್ದರೆ ಒಂದಿಷ್ಟು ದನಿ ಹೊರಗೆ ಹೋಗುತ್ತಿತ್ತು, ಮಳೆಗೆ ಅವನ್ನೂ ಮುಚ್ಚಿದ್ದರು. ಈ ಸ್ಥಿತಿಯಲ್ಲಿ ಒಂದು ಮಾತು ಹುಟ್ಟಿ ಪೂರ್ತಿ ಅಡಗಲು ಸುಮಾರು ನಾಲ್ಕೂವರೆ ಸೆಕೆಂಡು ಬೇಕು. ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತೇವೆಂದು ಹಿಡಿದರೂ, ಯಾವ ಗಳಿಗೆಯಲ್ಲೂ ಹಿಂದಿನ ಇಪ್ಪತ್ತು ಅಕ್ಷರಗಳು ಗಾಳಿಯಲ್ಲಿ ಸುತ್ತುತ್ತಿರುತ್ತವೆ. ಸ್ಪೀಕರಿನ ದನಿ ಏರಿಸಿದರೆ ಆ ಇಪ್ಪತ್ತೂ ಜೊತೆಯಲ್ಲೇ ಏರುತ್ತವೆ. ಐನೂರು ಜನ ಕುಳಿತ ದಿನ ಇದೇ ಕಾಲ ಒಂದೂವರೆ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಏಕೆಂದರೆ ಮನುಷ್ಯನ ಮೈ, ಬಟ್ಟೆ ದನಿಯನ್ನು ಹೀರುತ್ತವೆ. ಜಾತ್ರೆಯ ದಿನ ಚೆನ್ನಾಗಿ ಕೇಳಿಸಿ, ನಿತ್ಯದ ಪ್ರವಚನದಲ್ಲಿ ಕೇಳಿಸದಿರುವ ಗುಟ್ಟು ಇಷ್ಟೇ. ಸೂರಿಗೆಲ್ಲ ನಾರಿನ ಹಲಗೆ ಬಡಿದಿದ್ದರೆ ನೂರಿಪ್ಪತ್ತು ಜನ ಇದ್ದಾಗಲೂ ಒಂದೂಕಾಲು ಸೆಕೆಂಡಿಗೆ ಇಳಿಯುತ್ತಿತ್ತು. ಆ ತಾಯಿ ತಿಂಗಳಿಡೀ ಪ್ರವಚನ ಕೇಳಬಹುದಿತ್ತು.

ಈ ಸೂತ್ರ ಹೊಸದೇನಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೋಣೆಯಲ್ಲಿ ಪಾಠವೇ ಅರ್ಥವಾಗುತ್ತಿರಲಿಲ್ಲ. ವಾಲೇಸ್ ಸಬೀನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರಿಗೆ ಅದನ್ನು ಸರಿಪಡಿಸಲು ಹೇಳಿದರು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಜೋಡಿಸುತ್ತ, ಆರ್ಗನ್ ಕೊಳವೆಯ ದನಿ ಅಡಗಲು ಎಷ್ಟು ಹೊತ್ತು ಬೇಕೆಂದು ಕಿವಿಗೊಟ್ಟು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸು ಇಡುತ್ತಿದ್ದರು. ಆ ಕಾಯಕದಿಂದ ಹುಟ್ಟಿದ ಸೂತ್ರ ನನ್ನ ಇಂಜಿನಿಯರಿಂಗ್ ಪಠ್ಯಪುಸ್ತಕದಲ್ಲಿಯೂ ಇತ್ತು. ಪರೀಕ್ಷೆಗೆ ಓದಿದೆ, ಮರೆತೆ. ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಲು ನಮಗೆ ಪ್ರಯೋಗಾಲಯವಿತ್ತು, ಮಣ್ಣಿಗೆ ಇತ್ತು, ನೀರಿಗೆ ಇತ್ತು. ದನಿಯನ್ನು ಕಿವಿಯಿಂದಲೇ ಕೇಳಿ ಕಲಿಯುವ ಕೋಣೆ ಮಾತ್ರ ಇರಲಿಲ್ಲ.

ಅಂಥ ಕೋಣೆ ಹೇಗಿರುತ್ತದೆ, ಅದು ನಮಗೇಕೆ ಬೇಕು ಎಂದು ಹೇಳುವುದೇ ಈ ಲೇಖನದ ಉದ್ದೇಶ.

ಹೆಸರು ಕರ್ಮ, ಒಳಗೆ ಕಾಯಕ

ಮಗಳು ಕ್ಯಾಲಿಫೋರ್ನಿಯದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣ ನೋಡಲು ಹೋಗಿದ್ದೆವು. ಅಲ್ಲಿ ಒಂದು ದಿಬ್ಬದ ಮೇಲೆ ಹಳೆಯ ದೊಡ್ಡ ಮನೆಯಿದೆ. ಮೊದಲು ವಿಶ್ವವಿದ್ಯಾಲಯದ ಅಧ್ಯಕ್ಷರ ನಿವಾಸವಾಗಿದ್ದ ಕಟ್ಟಡ. 1989ರ ಭೂಕಂಪದಲ್ಲಿ ಜಖಂ ಆಗಿ, ದುರಸ್ತಿಯಾಗಿ, 2005ರಲ್ಲಿ ಮತ್ತೆ ತೆರೆಯಿತು. ಅದರಲ್ಲಿರುವುದು ಸಂಗೀತ ಮತ್ತು ಧ್ವನಿವಿಜ್ಞಾನದ ಕಂಪ್ಯೂಟರ್ ಸಂಶೋಧನಾ ಕೇಂದ್ರ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅಲ್ಲಿಯವರು ಅದನ್ನು ‘ಕರ್ಮ’ ಎಂದು ಕರೆಯುತ್ತಾರೆ. ಹೆಸರು ಕೇಳಿ ನಗು ಬಂತು. ಕರ್ಮದ ಹೆಸರಿನಲ್ಲಿ ಮನುಷ್ಯನನ್ನು ಹುಟ್ಟಿಗೆ ಕಟ್ಟಿಹಾಕುವುದನ್ನು ಒಪ್ಪದೆ ಕಾಯಕವನ್ನು ಮುಂದಿಟ್ಟವರು ನಮ್ಮ ಶರಣರು. ಆದರೆ ಆ ಕೇಂದ್ರದ ಚರಿತ್ರೆಯನ್ನು ಓದಿದ ಮೇಲೆ ಅನ್ನಿಸಿತು: ಹೆಸರು ಏನೇ ಇರಲಿ, ಒಳಗೆ ನಡೆದದ್ದು ಕಾಯಕವೇ.

ಜಾನ್ ಚೌನಿಂಗ್ ಎಂಬುವರು 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಗೀತ ರಚನೆ ಕಲಿಯುತ್ತಿದ್ದ ವಿದ್ಯಾರ್ಥಿ. ತಾಳವಾದ್ಯ ನುಡಿಸುವವರು. ಇಂಜಿನಿಯರ್ ಅಲ್ಲ, ಗಣಿತಜ್ಞರಲ್ಲ. ಬೆಲ್ ಪ್ರಯೋಗಾಲಯದ ಇಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಅವರು 1963ರಲ್ಲಿ ಬರೆದ, ಕಂಪ್ಯೂಟರನ್ನೇ ವಾದ್ಯವಾಗಿ ಬಳಸಬಹುದೆಂಬ ಲೇಖನ ಅವರ ಕೈಗೆ ಬಂತು. ಚೌನಿಂಗ್ ಅಲ್ಲಿಗೇ ಹೋಗಿ ಮ್ಯಾಥ್ಯೂಸರನ್ನು ಕಂಡು, ಆ ಪ್ರೋಗ್ರಾಮಿನ ಪಂಚ್ ಕಾರ್ಡುಗಳನ್ನು ತೆಗೆದುಕೊಂಡು ಬಂದರು. ಸಂಗೀತ ವಿಭಾಗದಲ್ಲಿ ಕಂಪ್ಯೂಟರ್ ಇರಲಿಲ್ಲ. ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದವರು ತಮ್ಮ ಯಂತ್ರದಲ್ಲಿ ಜಾಗ ಕೊಟ್ಟರು. ತ್ಯೂಬಾ ಎಂಬ ಊದುವ ವಾದ್ಯ ನುಡಿಸುತ್ತಿದ್ದ ಒಬ್ಬ ವಿದ್ಯಾರ್ಥಿ ಕಂಪ್ಯೂಟರ್ ಬಳಸುವುದನ್ನು ಕಲಿಸಿಕೊಟ್ಟ. ಇದನ್ನೇ ನಾವು ಗಮನಿಸಬೇಕು. ಒಬ್ಬರಲ್ಲಿ ಸಂಗೀತ, ಇನ್ನೊಬ್ಬರಲ್ಲಿ ಯಂತ್ರ, ಮತ್ತೊಬ್ಬರಲ್ಲಿ ಪ್ರೋಗ್ರಾಮು. ‘ಇದು ನಿಮ್ಮ ವಿಷಯವಲ್ಲ, ನಿಮ್ಮ ವಿಭಾಗಕ್ಕೆ ಹೋಗಿ’ ಎಂದು ಯಾರೂ ಬಾಗಿಲು ಹಾಕಲಿಲ್ಲ.

1967ರಲ್ಲಿ ಅವರು ಸ್ವರವನ್ನು ಅಲುಗಾಡಿಸುವ ಪ್ರಯೋಗ ಮಾಡುತ್ತಿದ್ದರು. ಹಾಡುವವರು ಒಂದು ಸ್ವರದ ಮೇಲೆ ನಿಂತು ಅದನ್ನು ಮೆಲ್ಲಗೆ ಅಲುಗಿಸುವುದನ್ನು ಎಲ್ಲರೂ ಕೇಳಿದ್ದೇವೆ. ಸೆಕೆಂಡಿಗೆ ಐದಾರು ಸಲ ಅಲುಗಿದರೆ ಅದು ಕಿವಿಗೆ ಕಂಪನವಾಗಿ ಕೇಳುತ್ತದೆ. ಚೌನಿಂಗ್ ಆ ವೇಗವನ್ನು ಏರಿಸುತ್ತ ಹೋದರು. ಸೆಕೆಂಡಿಗೆ ನೂರಾರು ಸಲ ಅಲುಗಿಸಿದಾಗ ಅಲುಗಾಟ ಮಾಯವಾಗಿ, ಒಂದು ಹೊಸ ದನಿಯೇ ಹುಟ್ಟಿತು. ಒಮ್ಮೆ ಗಂಟೆಯಂತೆ, ಒಮ್ಮೆ ಕಹಳೆಯಂತೆ, ಒಮ್ಮೆ ಮರದ ವಾದ್ಯದಂತೆ. ರೇಡಿಯೋದವರಿಗೆ ಗೊತ್ತಿದ್ದ ಎಫ್‌ಎಂ ತತ್ತ್ವವೇ ಅದು. ಆದರೆ ರೇಡಿಯೋ ಇಂಜಿನಿಯರುಗಳು ಅದನ್ನು ಕಿವಿಗೆ ಕೇಳುವ ಮಟ್ಟದಲ್ಲಿ ಹೀಗೆ ಬಳಸಿರಲಿಲ್ಲ. ಗಣಿತ ಇಂಜಿನಿಯರುಗಳದು, ಕಿವಿ ಸಂಗೀತಗಾರನದು. ಎರಡೂ ಒಂದೇ ಕೋಣೆಯಲ್ಲಿ ಸೇರಿದಾಗಲೇ ಅದು ಹೊಳೆಯಿತು.

ಮುಂದಿನದು ಸುಲಭವಾಗಿರಲಿಲ್ಲ. ವಿಶ್ವವಿದ್ಯಾಲಯ ಅವರನ್ನು ಕಾಯಂ ಮಾಡದೆ ಕೆಲಸದಿಂದ ಬಿಟ್ಟಿತು. ಅಮೆರಿಕದ ಆರ್ಗನ್ ಕಂಪನಿಗಳಿಗೆ ಈ ಶೋಧ ಬೇಡವಾಯಿತು. ಜಪಾನಿನ ಯಮಾಹ ಕಂಪನಿ ಮಾತ್ರ ಅದರ ಬೆಲೆ ಅರಿತು ಪರವಾನಗಿ ಪಡೆಯಿತು. ಆಮೇಲೆ ವಿಶ್ವವಿದ್ಯಾಲಯ ಅವರನ್ನು ಮತ್ತೆ ಕರೆಸಿಕೊಂಡಿತು. 1975ರಲ್ಲಿ ಚೌನಿಂಗ್ ಮತ್ತು ಅವರ ನಾಲ್ವರು ಸಂಗಡಿಗರು ‘ಕರ್ಮ’ ಕೇಂದ್ರ ಕಟ್ಟಿದರು. 1983ರಲ್ಲಿ ಯಮಾಹದ ಡಿಎಕ್ಸ್-7 ಕೀಬೋರ್ಡ್ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆ ಹಕ್ಕಿನಿಂದ ಸ್ಟ್ಯಾನ್‌ಫರ್ಡ್‌ಗೆ ಬಂದ ಹಣ ಎರಡು ಕೋಟಿ ಡಾಲರಿಗೂ ಹೆಚ್ಚು. ಹಣದ ಮಾತನ್ನು ಹೇಳಿದ್ದು, ಸಂಗೀತಕ್ಕೆ ಕೊಟ್ಟ ಕೋಣೆ ದಂಡವಲ್ಲ ಎನ್ನಲು.

ಇಂಥಲ್ಲಿ ಹುಟ್ಟುವ ಸಂಗೀತಕ್ಕೆ ಇಲೆಕ್ಟ್ರೋ ಅಕೌಸ್ಟಿಕ್ ಸಂಗೀತ ಎನ್ನುತ್ತಾರೆ. ಮೈಕಿನಲ್ಲಿ ಹಿಡಿದ ದನಿ, ಯಂತ್ರದಲ್ಲಿ ಹುಟ್ಟಿಸಿದ ದನಿ ಎರಡನ್ನೂ ಮಣ್ಣಿನಂತೆ ನಾದಿ, ಹೊಸ ರೂಪ ಕೊಟ್ಟು, ಸ್ಪೀಕರುಗಳ ಮೂಲಕ ಕೇಳಿಸುವ ಸಂಗೀತ. ಎಲ್ಲರಿಗೂ ಅದು ಹಿಡಿಸಬೇಕೆಂದಿಲ್ಲ. ನಾನು ಕೆಲವನ್ನು ಕೇಳಿದೆ. ಕೆಲವು ಮನಸ್ಸಿಗೆ ಹತ್ತಿದವು, ಕೆಲವು ಹತ್ತಲಿಲ್ಲ. ಆದರೆ ಆ ಸಂಗೀತಕ್ಕಾಗಿ ಕಟ್ಟಿದ ಕೋಣೆಗಳಲ್ಲಿ ಕಲಿತವರೇ ಮುಂದೆ ಶ್ರವಣ ಸಾಧನ, ಸಭಾಭವನ, ಹಳೆಯ ಧ್ವನಿಮುದ್ರಣಗಳ ಉದ್ಧಾರ ಮುಂತಾದ ಕೆಲಸಗಳಿಗೂ ಬೇಕಾಗುತ್ತಾರೆ. ಕಿವಿಗೆ ಒಮ್ಮೆ ಸಂಸ್ಕಾರ ಸಿಕ್ಕರೆ ಅದು ನೂರು ಕಡೆ ದುಡಿಯುತ್ತದೆ.

ಬಲೂನು ಒಡೆದು ಕೇಳಿದ ಪ್ರಾರ್ಥನೆ

ಅದೇ ಕೇಂದ್ರದ ಇನ್ನೊಂದು ಕೆಲಸವನ್ನು ಮಠಗಳ ಓದುಗರು ತಿಳಿಯಲೇಬೇಕು. ಇಸ್ತಾಂಬುಲ್ ನಗರದ ಹಾಗಿಯಾ ಸೋಫಿಯಾ 6ನೇ ಶತಮಾನದಲ್ಲಿ ಚರ್ಚಾಗಿ ಕಟ್ಟಿದ ಮಹಾಮಂದಿರ. 1453ರ ನಂತರ ಮಸೀದಿ, 20ನೇ ಶತಮಾನದಲ್ಲಿ ವಸ್ತುಸಂಗ್ರಹಾಲಯ, 2020ರಿಂದ ಮತ್ತೆ ಮಸೀದಿ. ಅಲ್ಲಿ ಮೊದಲು ಹಾಡುತ್ತಿದ್ದ ಪ್ರಾರ್ಥನೆಗಳ ಸ್ವರಲಿಪಿ ಉಳಿದಿದೆ. ಆದರೆ ಆ ಗುಮ್ಮಟದ ಕೆಳಗೆ ಅವು ಹೇಗೆ ಕೇಳುತ್ತಿದ್ದವು ಎಂಬುದು ಯಾರಿಗೂ ತಿಳಿದಿರಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ಹಾಡಲು ಅನುಮತಿಯೂ ಇರಲಿಲ್ಲ.

ಸ್ಟ್ಯಾನ್‌ಫರ್ಡ್‌ನ ಕಲಾ ಇತಿಹಾಸಕಾರ್ತಿ ಬಿಸ್ಸೆರಾ ಪೆಂಚೆವಾ ಮತ್ತು ‘ಕರ್ಮ’ ಕೇಂದ್ರದ ಜೊನಾಥನ್ ಏಬೆಲ್ ಒಂದು ಉಪಾಯ ಮಾಡಿದರು. ಜನರಿಲ್ಲದ ಹೊತ್ತಿನಲ್ಲಿ ಆ ಮಂದಿರದೊಳಗೆ ಬಲೂನು ಒಡೆಸಿ, ಆ ಒಂದು ಸದ್ದು ಹೇಗೆ ಹರಡಿ ಹೇಗೆ ಅಡಗುತ್ತದೆ ಎಂಬುದನ್ನು ಧ್ವನಿಮುದ್ರಿಸಿಕೊಂಡರು. ಅಡಗಲು ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯಿತು. ಆ ಒಂದು ಸದ್ದಿನಲ್ಲಿ ಕಟ್ಟಡದ ಗುಣವೆಲ್ಲ ಅಡಗಿರುತ್ತದೆ. ಗಣಿತದಿಂದ ಅದನ್ನು ಬಿಡಿಸಿ, ಹಾಡುವವರ ದನಿಗೆ ಬೆರೆಸಿದರೆ, ಕ್ಯಾಲಿಫೋರ್ನಿಯದಲ್ಲಿ ನಿಂತು ಹಾಡಿದವರಿಗೆ ತಾವು ಹಾಗಿಯಾ ಸೋಫಿಯಾದಲ್ಲಿ ಹಾಡುತ್ತಿರುವಂತೆಯೇ ಕೇಳುತ್ತದೆ. ಕಪೆಲ್ಲಾ ರೊಮಾನಾ ಎಂಬ ಗಾಯಕವೃಂದ ಹೀಗೆ ಹಾಡಿದ ಧ್ವನಿಮುದ್ರಿಕೆ 2019ರಲ್ಲಿ ಹೊರಬಂತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅನುಭವ ಮಂಟಪದ ಬಗ್ಗೆ ನಾವು ಎಷ್ಟೊಂದು ಮಾತಾಡುತ್ತೇವೆ. 770 ಅಮರಗಣಂಗಳು ಎಂದು ಪರಂಪರೆ ಹೇಳುತ್ತದೆ. ಮೈಕಿಲ್ಲದ 12ನೇ ಶತಮಾನದಲ್ಲಿ ಅಲ್ಲಮಪ್ರಭುಗಳ ಮೆಲುಮಾತು ಕೊನೆಯ ಸಾಲಿನಲ್ಲಿ ಕುಳಿತ ಶರಣೆಗೆ ಹೇಗೆ ಕೇಳಿಸಿತು? ಕಲ್ಲಿನ ಮಂಟಪದಲ್ಲಿ ಒಬ್ಬರ ಮಾತು ಎಷ್ಟು ಜನರಿಗೆ ಸ್ಪಷ್ಟವಾಗಿ ಮುಟ್ಟುತ್ತದೆ? ಬಸವಕಲ್ಯಾಣದ ಗವಿಗಳಲ್ಲಿ, ಕೂಡಲಸಂಗಮದ ಗುಡಿಯಲ್ಲಿ ವಚನ ಹೇಳಿದರೆ ಅದು ಹೇಗೆ ಕೇಳುತ್ತದೆ? ಇವು ಭಕ್ತಿಯ ಪ್ರಶ್ನೆಗಳೂ ಹೌದು, ಇಂಜಿನಿಯರಿಂಗ್ ಪ್ರಶ್ನೆಗಳೂ ಹೌದು. ಉತ್ತರ ಹುಡುಕಲು ಬೇಕಾಗಿರುವುದು ನಾಲ್ಕು ಬಲೂನು, ಎರಡು ಒಳ್ಳೆಯ ಮೈಕು, ಒಂದು ಲ್ಯಾಪ್‌ಟಾಪು, ಕಲಿತ ಒಂದು ಜೊತೆ ಕಿವಿ. ಮೊದಲ ಮೂರು ಅಂಗಡಿಯಲ್ಲಿ ಸಿಗುತ್ತವೆ. ನಾಲ್ಕನೆಯದನ್ನು ನಾವೇ ತಯಾರು ಮಾಡಬೇಕು.

ನಮ್ಮ ದೇಶದಲ್ಲೂ ಇತ್ತು

ಇದೆಲ್ಲ ಹೊರದೇಶದ ಮಾತಾಯಿತು ಎನ್ನಬೇಡಿ. ಭಾರತದಲ್ಲಿಯೂ ಇಂಥ ಕೋಣೆ ಬಹಳ ಹಿಂದೆಯೇ ಇತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1969ರಲ್ಲಿ ಮೂಗ್ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯವನ್ನು ತರಿಸಿತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಜೋಡಿಸಿ ಕೊಟ್ಟರು. ಪಖವಾಜ್ ನುಡಿಸುತ್ತಿದ್ದ ಗೀತಾ ಸಾರಾಭಾಯ್ ಅವರೂ ಸೇರಿ ನಮ್ಮವರೇ ಕೆಲವರು ಅಲ್ಲಿ ಕುಳಿತು ಹೊಸ ದನಿಗಳನ್ನು ಕಟ್ಟಿದರು. ಚೌನಿಂಗ್ ಅವರ ಕೇಂದ್ರ ಹುಟ್ಟುವುದಕ್ಕೂ ಆರು ವರ್ಷ ಮೊದಲಿನ ಮಾತಿದು! ಆದರೆ ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಟೇಪುಗಳು ಸಂಸ್ಥೆಯಲ್ಲೇ ದಶಕಗಳ ಕಾಲ ಮಲಗಿದ್ದವು. ಪಾಲ್ ಪರ್ಗಸ್ ಎಂಬ ಬ್ರಿಟನ್ನಿನ ಕಲಾವಿದರು ಅವನ್ನು ಹುಡುಕಿ ತೆಗೆದು, 2023ರಲ್ಲಿ ಲೋಕ ಕೇಳುವಂತೆ ಮಾಡಿದರು.

ಎರಡು ಕತೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ನನಗೆ ತೋರುವುದಿಷ್ಟು. ಯಂತ್ರ ತಂದರೆ ಸ್ಟುಡಿಯೋ ಆಗುವುದಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಬಂದು ಹಿಂದಿನವರಿಂದ ಕಲಿತು ಮುಂದಿನವರಿಗೆ ಕೊಟ್ಟು ಹೋಗುವ ವ್ಯವಸ್ಥೆ ಇರಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಜ್ಞಾನ ದಾಸೋಹ. ದಾಸೋಹ ನಿಂತ ದಿನ ಒಲೆ ಆರುತ್ತದೆ. ಆದರೂ ಅಹಮದಾಬಾದಿನವರು ಟೇಪುಗಳನ್ನು ಎಸೆಯಲಿಲ್ಲ. ಅದರಿಂದಲೇ ಅವು ಮತ್ತೆ ಮಾತಾಡಿದವು. ನಾವು ಅಷ್ಟನ್ನಾದರೂ ಮಾಡುತ್ತಿದ್ದೇವೆಯೆ?

ಟ್ರಂಕಿನಲ್ಲಿ ಕೊಳೆಯುತ್ತಿರುವ ದನಿ

ಎರಡು ವರ್ಷದ ಹಿಂದೆ ಒಂದು ಮಠದಲ್ಲಿ ಸೋರುವ ಕೋಣೆಯನ್ನು ನೋಡಿ ಸಲಹೆ ಕೊಡಲು ಕರೆದಿದ್ದರು. ಮೂಲೆಯಲ್ಲಿ ಒಂದು ತಗಡಿನ ಟ್ರಂಕು. ತೆಗೆದರೆ ಒಳಗೆ ಕ್ಯಾಸೆಟ್ಟುಗಳು, ಕೆಲವು ಸ್ಪೂಲ್ ಟೇಪುಗಳು. ಲಿಂಗೈಕ್ಯರಾದ ಹಿಂದಿನ ಪೂಜ್ಯರ ಪ್ರವಚನ, ಊರಿನ ಹಿರಿಯರು ಹಾಡಿದ ವಚನಗಳು, ಯಾವುದೋ ವಿಚಾರ ಸಂಕಿರಣದ ಮಾತು. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿತ್ತು. ಒಂದು ಸ್ಪೂಲು ಸುರುಳಿಗೆ ಸುರುಳಿ ಅಂಟಿಕೊಂಡು ಬಿಚ್ಚಲು ಬರುತ್ತಿರಲಿಲ್ಲ. ಚೆನ್ನಾಗಿ ಕಂಡ ಒಂದು ಕ್ಯಾಸೆಟ್ಟನ್ನು ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆವು. ಪೂಜ್ಯರ ದನಿ ಹತ್ತು ನಿಮಿಷ ಬಂತು. ಒಬ್ಬ ಹಿರಿಯ ಭಕ್ತರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ದನಿ ಕಡಿದು ಸಿನಿಮಾ ಹಾಡು ಶುರುವಾಯಿತು. ಯಾರೋ ಹುಡುಗರು ಅದರ ಮೇಲೆಯೇ ರೆಕಾರ್ಡು ಮಾಡಿಬಿಟ್ಟಿದ್ದರು. ಆ ಹಾಡಿನ ಕೆಳಗೆ ಹೋದ ಪ್ರವಚನ ಇನ್ನು ಎಂದಿಗೂ ಸಿಗುವುದಿಲ್ಲ.

ಇದು ಒಂದು ಮಠದ ದೋಷವೆಂದು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲೂ ಇದೇ ಸ್ಥಿತಿ. ಆದರೆ ನಾವು ಯಾರ ವಾರಸುದಾರರು ಎಂಬುದನ್ನು ನೆನೆಯಬೇಕು. ವಕೀಲಿ ವೃತ್ತಿಯ ಫ.ಗು. ಹಳಕಟ್ಟಿಯವರು ಮಠ ಮಠ, ಮನೆ ಮನೆ ತಿರುಗಿ ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಸ್ವಂತ ಮುದ್ರಣಾಲಯ ಹಾಕಿ ‘ಶಿವಾನುಭವ’ ಪತ್ರಿಕೆ ನಡೆಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತ ಹುಳ ತಿನ್ನುತ್ತಿದ್ದ ಗರಿಗಳನ್ನು ಓದುವ ಪುಸ್ತಕ ಮಾಡಿದರು. ಅವರು ಇಲ್ಲದಿದ್ದರೆ ಈ ಪತ್ರಿಕೆಯೂ ಇರುತ್ತಿರಲಿಲ್ಲ. ತಾಳೆಗರಿ ನೂರಾರು ವರ್ಷ ತಡೆಯಿತು. ಟೇಪಿಗೆ ಅಷ್ಟು ಆಯುಷ್ಯವಿಲ್ಲ. ಕಾಂತಪುಡಿಯನ್ನು ಹಿಡಿದಿಟ್ಟ ಅಂಟು ತೇವಕ್ಕೆ ಕರಗುತ್ತದೆ. ಅದನ್ನು ನುಡಿಸುವ ಯಂತ್ರಗಳೂ, ಆ ಯಂತ್ರ ರಿಪೇರಿ ಮಾಡಬಲ್ಲ ಕೈಗಳೂ ಅದಕ್ಕಿಂತ ಬೇಗ ಮಾಯವಾಗುತ್ತಿವೆ. ನಮಗಿರುವುದು ಹೆಚ್ಚೆಂದರೆ ಹತ್ತು ಹದಿನೈದು ವರ್ಷ ಎಂಬುದು ನನ್ನ ಅಂದಾಜು.

ಇನ್ನೊಂದು ಅಪಾಯವೂ ಇದೆ. ವಚನಗಳಲ್ಲಿ ಪ್ರಕ್ಷಿಪ್ತಗಳು ಸೇರಿಕೊಂಡು, ಯಾವುದು ಬಸವಣ್ಣನವರದು, ಯಾವುದು ಅಲ್ಲವೆಂದು ಬೇರ್ಪಡಿಸಲು ವಿದ್ವಾಂಸರು ಎಷ್ಟು ಬೆವರು ಸುರಿಸಬೇಕಾಯಿತು ಎಂಬುದು ನಮಗೆ ಗೊತ್ತಿದೆ. ಈಗ ಕಂಪ್ಯೂಟರು ಯಾರದೇ ದನಿಯನ್ನು ಅನುಕರಿಸಿ, ಅವರು ಆಡದ ಮಾತನ್ನು ಅವರದೇ ದನಿಯಲ್ಲಿ ಆಡಿಸಬಲ್ಲದು. ನಾಳೆ ಯಾರೋ ಲಿಂಗೈಕ್ಯ ಪೂಜ್ಯರ ದನಿಯಲ್ಲಿ ಜಾತಿಯ ಪರವಾದ ಮಾತು, ಮೂಢನಂಬಿಕೆಯ ಮಾತು ಹೇಳಿಸಿ ಮೊಬೈಲಿನಲ್ಲಿ ಹರಿಯಬಿಟ್ಟರೆ, ಅದು ಸುಳ್ಳೆಂದು ತೋರಿಸಲು ನಮ್ಮ ಕೈಯಲ್ಲಿ ಮೂಲ ಇರಬೇಕು. ದಿನಾಂಕ, ಸ್ಥಳ, ಸಂದರ್ಭ ಬರೆದಿಟ್ಟ ಮೂಲ ಧ್ವನಿಮುದ್ರಣ ಇರಬೇಕು. ದನಿಯಲ್ಲಿ ಪ್ರಕ್ಷಿಪ್ತ ಸೇರುವ ಕಾಲ ಬಂದಿದೆ. ಮೂಲವನ್ನು ಕಾಯದಿದ್ದರೆ ಮುಂದಿನವರಿಗೆ ಬೇರ್ಪಡಿಸಲು ದಾರಿಯೇ ಇರುವುದಿಲ್ಲ.

ಏನು ಮಾಡಬಹುದು?

ನಮ್ಮ ಮಠಗಳು ಕಟ್ಟಿದ ವಿದ್ಯಾಸಂಸ್ಥೆಗಳು ನಾಡಿನ ತುಂಬ ಇವೆ. ಇಂಜಿನಿಯರಿಂಗ್ ಕಾಲೇಜುಗಳಿವೆ, ವಿಶ್ವವಿದ್ಯಾಲಯಗಳೂ ಆಗಿವೆ. ಇನ್ನೊಂದೆಡೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದ ಪರಂಪರೆಯಿದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರಂಥವರು ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದ ನೆಲವಿದು. ಯಂತ್ರ ಬಲ್ಲವರೂ ನಮ್ಮಲ್ಲಿದ್ದಾರೆ, ಸ್ವರ ಬಲ್ಲವರೂ ಇದ್ದಾರೆ. ಇಬ್ಬರೂ ಒಂದು ಕೋಣೆಯಲ್ಲಿ ಕೂಡುವುದಿಲ್ಲ, ಅಷ್ಟೇ. ಬೇರೆ ಬೇರೆ ಕಾಯಕದವರು ಒಂದೆಡೆ ಕುಳಿತು ಮಾತಾಡಿದ್ದನ್ನೇ ಅನುಭವ ಮಂಟಪವೆಂದು ಕೊಂಡಾಡುವ ನಾವು, ನಮ್ಮ ಕಾಲೇಜುಗಳಲ್ಲಿ ಒಂದು ವಿಭಾಗದವರು ಇನ್ನೊಂದು ವಿಭಾಗದ ಮೆಟ್ಟಿಲು ಹತ್ತದಂತೆ ಗೋಡೆ ಕಟ್ಟಿದ್ದೇವೆ. ಆ ಮಂಟಪದ ಅಧ್ಯಕ್ಷರಾದ ಅಲ್ಲಮರು ಮದ್ದಳೆ ಬಾರಿಸುವವರಾಗಿದ್ದರೆಂದು ಹರಿಹರ ಹೇಳುತ್ತಾನೆ. ಕಿನ್ನರಿ ಬೊಮ್ಮಯ್ಯನವರ ಹೆಸರಿನಲ್ಲೇ ವಾದ್ಯವಿದೆ. ದನಿಯ ಕಾಯಕ ಶರಣರಿಗೆ ಪರಕೀಯವಾಗಿರಲಿಲ್ಲ.

ನನ್ನ ಬಿನ್ನಹ ದೊಡ್ಡದೇನಲ್ಲ. ಮಠದ ಆಶ್ರಯದಲ್ಲಿರುವ ಯಾವುದಾದರೂ ಒಂದು ಇಂಜಿನಿಯರಿಂಗ್ ಕಾಲೇಜು ಅಥವಾ ವಿಶ್ವವಿದ್ಯಾಲಯ ಒಂದೇ ಒಂದು ಧ್ವನಿ ಸ್ಟುಡಿಯೋ ತೆರೆಯಲಿ. ಎರಡು ಕೋಣೆ ಸಾಕು: ಒಂದು ಹಾಡಲು, ಮಾತಾಡಲು, ಇನ್ನೊಂದು ಕುಳಿತು ಕೇಳಲು. ಗೋಡೆಗೆ ದುಬಾರಿ ಹಲಗೆಯೇ ಬೇಕೆಂದಿಲ್ಲ. ಮರದ ಚೌಕಟ್ಟಿನಲ್ಲಿ ದಪ್ಪ ಹತ್ತಿ, ತೆಂಗಿನ ನಾರು, ಮೇಲೆ ನಮ್ಮ ಕಂಬಳಿ ಹೊದಿಸಿದರೂ ಬಹಳಷ್ಟು ಕೆಲಸವಾಗುತ್ತದೆ. ಬೆಂಕಿಯ ಭಯವಿರುವ ಕಡೆ ವಿದ್ಯುತ್ ತಂತಿ ಜೋಪಾನ. ಧ್ವನಿ ತಿದ್ದುವ ಆಡಾಸಿಟಿಯಂಥ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಒಂದು ಮಹಾದ್ವಾರಕ್ಕೆ ಖರ್ಚು ಮಾಡುವ ಹಣದಲ್ಲಿ ಇಂಥ ಸ್ಟುಡಿಯೋ ಆಗಿ ಉಳಿಯುತ್ತದೆ.

ಅಲ್ಲಿ ಮೂರು ಕೆಲಸ ನಡೆಯಲಿ. ಮೊದಲನೆಯದು, ಟೇಪುಗಳ ಉದ್ಧಾರ. ಮಠಗಳಿಂದ, ಮನೆಗಳಿಂದ ತರಿಸಿ ಡಿಜಿಟಲ್ ರೂಪಕ್ಕೆ ತರುವುದು. ಇದಕ್ಕೆ ಅಡ್ಡದಾರಿಯಿಲ್ಲ; ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕುಳಿತು ಕೇಳಲೇಬೇಕು. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಮಂಕಾದ ದನಿಯನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಉತ್ತಮ ಗುಣಮಟ್ಟದಲ್ಲಿ ಒಂದು ಗಂಟೆಗೆ ಎರಡು ಜಿಬಿ ಆಗುತ್ತದೆ. ಅಂದರೆ ಸಾವಿರ ಜಿಬಿಯ ಒಂದು ಡಿಸ್ಕಿನಲ್ಲಿ ಐನೂರು ಗಂಟೆಯ ಹತ್ತಿರ ಹಿಡಿಸುತ್ತದೆ. ಮೂರು ಪ್ರತಿ ಮಾಡಿ ಮೂರು ಊರಿನಲ್ಲಿಡಿ. ಎರಡನೆಯದು, ಕಟ್ಟಡಗಳ ಪರೀಕ್ಷೆ. ವಿದ್ಯಾರ್ಥಿಗಳು ಮಠಗಳ ಸಭಾಭವನಗಳಿಗೆ ಹೋಗಿ ಬಲೂನು ಒಡೆದು, ಅಳೆದು, ಎಲ್ಲಿ ಏನು ಬಡಿಯಬೇಕೆಂದು ಹೇಳಲಿ. ಹೊಸ ಸಭಾಭವನದ ನಕ್ಷೆ ಅವರ ಕೈ ದಾಟದೆ ಕಟ್ಟಬಾರದು. ಮೂರನೆಯದು, ಹೊಸ ಸಂಗೀತ. ವಚನವನ್ನು ಹೊಸ ದನಿಗಳಲ್ಲಿ ಕೇಳಿಸಲು ಮಕ್ಕಳಿಗೆ ಬಿಡಿ. ನಮಗೆ ಹಿಡಿಸದಿದ್ದರೆ ಹಿಡಿಸಲಿಲ್ಲವೆನ್ನೋಣ. ಬಾಗಿಲು ಮುಚ್ಚುವುದು ಬೇಡ.

ಅಲ್ಲಿ ಪ್ರವೇಶಕ್ಕೆ ಜಾತಿ, ಲಿಂಗ ಅಡ್ಡ ಬರಬಾರದೆಂದು ಬೇರೆ ಹೇಳಬೇಕಿಲ್ಲ. ಆದರೆ ಒಂದು ಮಾತನ್ನು ಸೇರಿಸುತ್ತೇನೆ. ಅಂಧ ಮಕ್ಕಳಿಗೆ ಮೊದಲ ಜಾಗ ಕೊಡಿ. ದನಿಯ ಕೆಲಸದಲ್ಲಿ ಅವರು ಯಾರ ಹಿಂದೆಯೂ ನಿಲ್ಲಬೇಕಾಗಿಲ್ಲ. ಹಾಗೆಯೇ ನಮ್ಮ ಮೈಕ್‌ಸೆಟ್ಟಿನ ಹುಡುಗರನ್ನೂ ಕರೆಯಿರಿ. ಸಮಾರಂಭದಲ್ಲಿ ಎಲ್ಲರಿಗೂ ಶಾಲು ಹೊದಿಸುತ್ತೇವೆ. ಎಲ್ಲರ ಮಾತನ್ನೂ ಮುಟ್ಟಿಸುವ ಆ ಹುಡುಗನ ಹೆಸರನ್ನು ಯಾರೂ ಕೇಳುವುದಿಲ್ಲ. ಏನಾದರೂ ಕೀರಿದಾಗ ಮಾತ್ರ ಎಲ್ಲರೂ ಅವನ ಕಡೆ ತಿರುಗಿ ನೋಡುತ್ತಾರೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎನ್ನುವವರು ಅವನಿಗೆ ಒಂದು ಪ್ರಮಾಣಪತ್ರವನ್ನಾದರೂ ಕೊಡಿಸಬೇಕಲ್ಲವೆ?

“ಅನ್ನ, ಅಕ್ಷರಕ್ಕೇ ಹಣ ಸಾಲದು, ಇದೆಲ್ಲಿಂದ ತಂದಿರಿ?” ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಧರ್ಮ ಮೂರ್ತಿಯ ಮೇಲೆ, ಯಜ್ಞದ ಮೇಲೆ ನಿಂತದ್ದಲ್ಲ. ಮಾತಿನ ಮೇಲೆ ನಿಂತದ್ದು. ಅದರ ಹೆಸರೇ ವಚನ. ಆಡಿದ್ದು, ಕೇಳಿದ್ದು. ಕೇಳಿಸದಿದ್ದರೆ ಉಳಿಯುವುದೇನು?

ಆ ಸಭಾಭವನದ ಪೂಜ್ಯರನ್ನು ಕಂಡು ತಪ್ಪೊಪ್ಪಿಕೊಂಡಿದ್ದೇನೆ. ಸೂರಿಗೆ ಹಲಗೆ ಬಡಿಯುವ ಅಂದಾಜು ಪಟ್ಟಿಯನ್ನು ಈ ಸಲ ದನಿಯ ಲೆಕ್ಕ ಸೇರಿಸಿಯೇ ಮಾಡಿಕೊಟ್ಟಿದ್ದೇನೆ. ನನ್ನ ಪಿಂಚಣಿಯಿಂದ ಒಂದು ಪಾಲನ್ನೂ ಕೊಡುತ್ತೇನೆ. ಪೂಜ್ಯರು ನಕ್ಕು, “ಮೂವತ್ತು ವರ್ಷದ ಮ್ಯಾಲ ಬಂದೀರಲ್ಲ ಸಾಹೇಬ್ರ, ಇರಲಿ, ಮುಂದಿನ ಶ್ರಾವಣಕ್ಕ ಮುಗಸ್ರಿ” ಎಂದರು. ಮುಂದಿನ ಶ್ರಾವಣದಲ್ಲಿ ಆ ತಾಯಿಯನ್ನು ಹುಡುಕಿಕೊಂಡು ಹೋಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕೆಂದಿದ್ದೇನೆ. ಅವರು ಪ್ರವಚನದ ಒಂದು ಮಾತನ್ನು ತಿರುಗಿ ಹೇಳಿದರೆ ನನ್ನ ಕೆಲಸ ಆಯಿತು. ಉಳಿದ ಸಭಾಭವನಗಳು, ಉಳಿದ ಟ್ರಂಕುಗಳು ಒಬ್ಬನ ಕೈಯಲ್ಲಿ ಆಗುವಂಥವಲ್ಲ. ಅದಕ್ಕೆ ಕಲಿತ ಮಕ್ಕಳು ಬೇಕು, ಅವರಿಗೆ ಒಂದು ಕೋಣೆ ಬೇಕು. ಆ ಕೋಣೆಯ ಬೀಗದ ಕೈ ನಮ್ಮ ಪೂಜ್ಯರ ಕೈಯಲ್ಲಿದೆ.